ಮುಖಪುಟದ ನೌಕೆಗಳಿಗೂ ಕಲಾವಿದರ ಹೆಸರಿರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕಳೆದ ಶತಮಾನದ ಇಂಗ್ಲಿಷ್ ವಿಜ್ಞಾನ ಕಾದಂಬರಿಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾದಂಬರಿಕಾರರ ಬಗ್ಗೆ ಲೇಖಕರು ಬರೆದಿರುವುದರಲ್ಲಿ ನನ್ನ ತಕರಾರು ಏನೂ ಇಲ್ಲ. ಆದರೆ ಪುಟದ ಅರ್ಧಭಾಗವನ್ನು ಆವರಿಸಿದ್ದ ಅಂತರಿಕ್ಷ ನೌಕೆಯ ವರ್ಣಚಿತ್ರದ ಕೆಳಗೆ ‘ಸಂಗ್ರಹ ಚಿತ್ರ’ ಎಂಬ ಎರಡು ಪದಗಳ ಹೊರತು ಬೇರೇನೂ ಇರಲಿಲ್ಲ. ಲೇಖನದೊಳಗೆ ಆ ಕಾಲದ ಮುಖಪುಟಗಳ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಅವು ಕಥೆಗೆ ಸಂಬಂಧವಿಲ್ಲದ, ಕೊಳ್ಳುವವರ ಕಣ್ಣು ಸೆಳೆಯುವುದಕ್ಕಷ್ಟೇ ಮಾಡಿದ ಥಳುಕಿನ ಚಿತ್ರಗಳು ಎಂದು. ಮೊದಲನೆಯದು ಪುಟ ಜೋಡಿಸುವ ಅವಸರದಲ್ಲಿ ಆದ ಲೋಪವಿರಬಹುದು. ಎರಡನೆಯದು ಮಾತ್ರ ಬಹುಕಾಲದಿಂದ ಚಾಲ್ತಿಯಲ್ಲಿರುವ ಅಭಿಪ್ರಾಯ. ಎರಡರ ಬೇರೂ ಒಂದೇ ಎಂದು ನನಗೆ ತೋರುವುದರಿಂದ, ಈ ಚಿತ್ರಗಳನ್ನು ವರ್ಷಗಟ್ಟಲೆ ಆಸ್ಥೆಯಿಂದ ನೋಡುತ್ತ ಬಂದಿರುವ ಓದುಗನಾಗಿ ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಈ ಮುಖಪುಟಗಳ ಕೆಲಸ ಪುಸ್ತಕ ಮಾರುವುದೇ ಆಗಿತ್ತು ಎಂಬುದನ್ನು ಅಲ್ಲಗಳೆಯಲಾಗದು. 1935ರಲ್ಲಿ ಇಂಗ್ಲೆಂಡಿನಲ್ಲಿ ಪೆಂಗ್ವಿನ್, 1939ರಲ್ಲಿ ಅಮೆರಿಕದಲ್ಲಿ 25 ಸೆಂಟ್ ಬೆಲೆಯ ಪಾಕೆಟ್ ಬುಕ್ಸ್ ಎಂಬ ತೆಳುರಟ್ಟಿನ ಅಗ್ಗದ (ಪೇಪರ್‌ಬ್ಯಾಕ್) ಮಾಲೆಗಳು ಹೊರಬಂದ ಮೇಲೆ ಪುಸ್ತಕವು ಪುಸ್ತಕದಂಗಡಿಯ ಕಪಾಟನ್ನು ಬಿಟ್ಟು ರೈಲು ನಿಲ್ದಾಣಗಳ, ಔಷಧದಂಗಡಿಗಳ ತಂತಿ ಸ್ಟ್ಯಾಂಡುಗಳಿಗೆ ಬಂತು. ಅಲ್ಲಿ ನಿಂತು ಮುನ್ನುಡಿ ಓದುವ ವ್ಯವಧಾನ ಯಾರಿಗೂ ಇರುತ್ತಿರಲಿಲ್ಲ. ಏಸ್ ಬುಕ್ಸ್ ಸಂಸ್ಥೆ 1952ರಲ್ಲಿ ಆರಂಭಿಸಿದ ‘ಏಸ್ ಡಬಲ್’ ಮಾಲೆಯಲ್ಲಂತೂ ಎರಡು ಕೃತಿಗಳನ್ನು ಒಂದಕ್ಕೊಂದು ತಲೆಕೆಳಗಾಗಿ ಬೆನ್ನಿಗೆ ಬೆನ್ನು ಸೇರಿಸಿ 35 ಸೆಂಟಿಗೆ ಮಾರುತ್ತಿದ್ದರು. ಎತ್ತ ತಿರುಗಿಸಿದರೂ ಮುಖಪುಟವೇ, ಹಿಂಬದಿ ಎಂಬುದೇ ಇಲ್ಲ. ಅಂದರೆ ಒಂದೊಂದು ಪುಸ್ತಕಕ್ಕೂ ಎರಡೆರಡು ವರ್ಣಚಿತ್ರಗಳು ಬೇಕಾಗುತ್ತಿದ್ದವು. ಅಮೆರಿಕದ ವ್ಯಾಪಾರದಲ್ಲಿ ಇನ್ನೂ ಒಂದು ಪದ್ಧತಿಯಿತ್ತು. ಮಾರಾಟವಾಗದ ಪೇಪರ್‌ಬ್ಯಾಕನ್ನು ಅಂಗಡಿಯವರು ಪೂರ್ತಿಯಾಗಿ ಹಿಂದಿರುಗಿಸುತ್ತಿರಲಿಲ್ಲ. ಮುಖಪುಟವನ್ನು ಮಾತ್ರ ಕಿತ್ತು ಪ್ರಕಾಶಕರಿಗೆ ಕಳಿಸಿ ಹಣ ವಾಪಸು ಪಡೆಯುತ್ತಿದ್ದರು, ಉಳಿದ ಪುಸ್ತಕ ರದ್ದಿಗೆ ಹೋಗುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಕಾದಂಬರಿಗಿಂತ ಅದರ ಮುಖಪುಟಕ್ಕೇ ಬೆಲೆಯಿದ್ದ ವ್ಯಾಪಾರ ಇದು.

ಆದರೆ ಮಾರಾಟಕ್ಕೆಂದು ಬರೆದ ಚಿತ್ರವೆಂಬ ಒಂದೇ ಕಾರಣಕ್ಕೆ ಅದರಲ್ಲಿ ಆಲೋಚನೆಯಿಲ್ಲ ಎನ್ನುವುದು ಸರಿಯಲ್ಲ. ಮೂವತ್ತು ವರ್ಷಗಳ ಮುಖಪುಟಗಳನ್ನು ಸಾಲಾಗಿ ಹರಡಿಟ್ಟು ನೋಡಿದರೆ, ಮನುಷ್ಯ ಅಂತರಿಕ್ಷವನ್ನು ಹೇಗೆ ಕಲ್ಪಿಸಿಕೊಂಡ, ಆ ಕಲ್ಪನೆ ಯಾವಾಗ ಯಾಕೆ ಬದಲಾಯಿತು ಎಂಬುದು ನೌಕೆಗಳ ಆಕಾರದಲ್ಲೇ ಕಾಣುತ್ತದೆ. 1950ರ ದಶಕದ ನೌಕೆ ಸಾಮಾನ್ಯವಾಗಿ ಮೊನಚು ಮೂತಿಯ, ಬಾಲದಲ್ಲಿ ರೆಕ್ಕೆಗಳಿರುವ, ನೆಟ್ಟಗೆ ನಿಂತ ರಾಕೆಟ್. ಅದರ ಮೂಲ 1942ರಲ್ಲಿ ಮೊದಲ ಬಾರಿ ಯಶಸ್ವಿಯಾಗಿ ಹಾರಿದ ಜರ್ಮನಿಯ ವಿ-2. ಆ ಕಾಲದವರ ಕಣ್ಣೆದುರಿಗೆ ನಿಜವಾಗಿ ಹಾರಿದ ದೊಡ್ಡ ರಾಕೆಟ್ ಅದೊಂದೇ ಆಗಿದ್ದರಿಂದ ಚಿತ್ರಕಾರರೂ ಅದನ್ನೇ ನೆಚ್ಚಿಕೊಂಡರು. ಇದರ ಜೊತೆಗೆ ಚೆಸ್ಲಿ ಬೋನ್‌ಸ್ಟೆಲ್ ಅವರ ಪ್ರಭಾವವೂ ಸೇರಿತು. ವಾಸ್ತುಶಿಲ್ಪದ ತರಬೇತಿ ಪಡೆದು ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ವಿನ್ಯಾಸದಲ್ಲಿಯೂ ಕೈಜೋಡಿಸಿದ್ದ ಈ ಕಲಾವಿದ, ವಿಲ್ಲಿ ಲೇ ಅವರ ಬರಹದೊಂದಿಗೆ 1949ರಲ್ಲಿ ಪ್ರಕಟವಾದ ‘ದ ಕಾಂಕ್ವೆಸ್ಟ್ ಆಫ್ ಸ್ಪೇಸ್’ ಪುಸ್ತಕದಲ್ಲಿ ಚಂದ್ರನನ್ನೂ ಗ್ರಹಗಳನ್ನೂ ಛಾಯಾಚಿತ್ರವೆಂದೇ ಭ್ರಮೆ ಹುಟ್ಟುವಷ್ಟು ಖಚಿತವಾಗಿ ಬರೆದರು. ಅವರ ಚಂದ್ರನ ಕಡಿದಾದ ಶಿಖರಗಳು ಮುಂದೆ ನಿಜವಾಗಲಿಲ್ಲ. ಅಪೊಲೊ ಯಾತ್ರಿಗಳು ಕಂಡದ್ದು ಸೂಕ್ಷ್ಮ ಉಲ್ಕೆಗಳ ಹೊಡೆತಕ್ಕೆ ಸವೆದು ದುಂಡಗಾದ ಬೆಟ್ಟಗಳನ್ನು. ಆದರೂ ಯಾರೂ ಹೋಗಿರದ ಜಾಗವನ್ನು ಅಳತೆ, ಬೆಳಕಿನ ದಿಕ್ಕು, ದಿಗಂತದ ದೂರ ಇವುಗಳ ಲೆಕ್ಕ ಹಾಕಿ ಬರೆಯಬೇಕೆಂಬ ಶಿಸ್ತನ್ನು ಮುಂದಿನವರು ಕಲಿತದ್ದು ಬಹುಮಟ್ಟಿಗೆ ಅವರಿಂದಲೇ.

ಎಲ್ಲರೂ ಅದೇ ಹಾದಿ ಹಿಡಿಯಲಿಲ್ಲ. ಬ್ಯಾಲಂಟೈನ್ ಬುಕ್ಸ್‌ಗಾಗಿ ರಿಚರ್ಡ್ ಪವರ್ಸ್ ಬರೆದ ಮುಖಪುಟಗಳಲ್ಲಿ ನೌಕೆಯೆಂದು ಬೆರಳಿಟ್ಟು ತೋರಿಸಬಹುದಾದ ವಸ್ತು ಎಷ್ಟೋ ವೇಳೆ ಇರುವುದೇ ಇಲ್ಲ. ತೇಲುವ, ಕರಗುವ, ಲೋಹವೋ ಮೂಳೆಯೋ ಹೇಳಲಾಗದ ರೂಪಗಳಿರುತ್ತವೆ. 1953ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಅವರ ‘ಚೈಲ್ಡ್‌ಹುಡ್ಸ್ ಎಂಡ್’ಗೆ ಅವರು ಬರೆದ ಮುಖಪುಟದಿಂದ ಮುಂದೆ, ಕನಸಿನಂಥ ರೂಪಗಳನ್ನು ಬರೆಯುವ ಸರ್ರಿಯಲಿಸಂ ಎಂಬ ಕಲಾಪಂಥ ಕಲಾಶಾಲೆಗಳ ಗೋಡೆಯಿಂದ ಇಳಿದು ಜನಸಾಮಾನ್ಯರ ಜೇಬಿಗೆ ಬಂತು. ವಿಜ್ಞಾನ ಕಾದಂಬರಿಗೆ ಕೊಡುವ ಹ್ಯೂಗೊ ಪ್ರಶಸ್ತಿಗಳು ಆರಂಭವಾದದ್ದೂ ಅದೇ ವರ್ಷ, ಮತ್ತು ಮೊದಲ ವರ್ಷವೇ ಮುಖಪುಟ ಕಲಾವಿದರಿಗೆಂದು ಒಂದು ಪ್ರಶಸ್ತಿಯಿತ್ತು. ಎಡ್ ಎಮ್‌ಶ್ವಿಲರ್ ಮತ್ತು ಹ್ಯಾನೆಸ್ ಬಾಕ್ ಅದನ್ನು ಹಂಚಿಕೊಂಡರು. ಆ ಓದುಗರು ತಮ್ಮ ಕಲಾವಿದರನ್ನು ಹೆಸರಿನಿಂದ ಬಲ್ಲವರಾಗಿದ್ದರು ಎಂಬುದನ್ನು ‘ಸಂಗ್ರಹ ಚಿತ್ರ’ ಎಂದು ಬರೆದುಬಿಡುವ ನಾವು ಗಮನಿಸಬೇಕು.

1960ರ ದಶಕದ ಕೊನೆಗೆ ನೌಕೆಯ ಆಕಾರ ಪೂರ್ತಿ ಬದಲಾಯಿತು. ಮ್ಯಾರಿನರ್ 4 ನೌಕೆ 1965ರ ಜುಲೈನಲ್ಲಿ ಕಳಿಸಿದ ಚಿತ್ರಗಳಲ್ಲಿ ಮಂಗಳ ಗ್ರಹದ ಮೇಲೆ ಕಾಲುವೆಯೂ ಇರಲಿಲ್ಲ, ಪಾಳುಬಿದ್ದ ನಗರವೂ ಇರಲಿಲ್ಲ, ಬರೀ ಕುಳಿಗಳಿದ್ದವು. ನೆರೆಯ ಗ್ರಹಗಳ ಮೇಲಿನ ಕಾಡುಗಳನ್ನೂ ರಾಜಕುಮಾರಿಯರನ್ನೂ ಮನಸ್ಸಿಟ್ಟು ಬರೆಯುವುದು ಆಮೇಲೆ ಕಷ್ಟವಾಯಿತೆಂದೇ ನನ್ನ ಊಹೆ. 1968ರಲ್ಲಿ ತೆರೆಗೆ ಬಂದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ನೌಕೆಯ ಮೈತುಂಬ ಕೊಳವೆ, ಮುಚ್ಚಳ, ಫಲಕಗಳಿದ್ದವು. ಮರುವರ್ಷ ಚಂದ್ರನ ಮೇಲಿಳಿದ ಅಪೊಲೊ 11ರ ಲ್ಯಾಂಡರನ್ನು ಇಡೀ ಜಗತ್ತು ನೋಡಿತು. ಅದಕ್ಕೆ ಮೂತಿಯೂ ಇಲ್ಲ, ರೆಕ್ಕೆಯೂ ಇಲ್ಲ. ಹೊಳೆಯುವ ಹಾಳೆ ಸುತ್ತಿದ, ನಾಲ್ಕು ಕಾಲಿನ, ಯಾವ ಅಂದಕ್ಕೂ ಒಗ್ಗದ ಯಂತ್ರ ಅದು. ಗಾಳಿಯೇ ಇಲ್ಲದ ಕಡೆ ಗಾಳಿಯನ್ನು ಸೀಳುವ ಆಕಾರ ಬೇಕಿಲ್ಲ ಎಂಬುದು ಪುಸ್ತಕದ ಮಾತಾಗಿದ್ದದ್ದು ಅಂದಿನಿಂದ ಕಣ್ಣಿಗೆ ಕಂಡ ಸತ್ಯವಾಯಿತು. ಚಿತ್ರಕಾರರಿಗೆ ಅದೊಂದು ಬಿಡುಗಡೆ.

ಆ ಬಿಡುಗಡೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಬಳಸಿಕೊಂಡವರು ಬ್ರಿಟನ್ನಿನ ಕ್ರಿಸ್ ಫಾಸ್. 1946ರಲ್ಲಿ ಗರ್ನ್‌ಸಿ ದ್ವೀಪದಲ್ಲಿ ಹುಟ್ಟಿ, ಕೇಂಬ್ರಿಡ್ಜಿನಲ್ಲಿ ವಾಸ್ತುಶಿಲ್ಪ ಕಲಿಯಲು ಹೋಗಿ, ಅದನ್ನು ಬಿಟ್ಟು ಚಿತ್ರಕ್ಕೆ ಬಂದವರು. 1970ರ ದಶಕದಲ್ಲಿ ಪ್ಯಾಂಥರ್ ಬುಕ್ಸ್ ಹೊರತಂದ ಐಸಾಕ್ ಅಸಿಮೋವ್ ಮತ್ತು ಇ. ಇ. ಸ್ಮಿತ್ ಅವರ ಕೃತಿಗಳಿಗೆ ಅವರು ಬರೆದ ಮುಖಪುಟಗಳು ಆ ದಶಕದ ಕಣ್ಣನ್ನೇ ತಿದ್ದಿದವು ಎಂದರೆ ಅತಿಶಯೋಕ್ತಿಯಾಗದು. ಫಾಸ್ ಅವರ ನೌಕೆ ಎಡಬಲ ಒಂದೇ ಸಮ ಇರುವುದು ಅಪರೂಪ. ಅದು ಕಟ್ಟಡದಂತೆ, ಕಾರ್ಖಾನೆಯಂತೆ, ಹಂತಹಂತವಾಗಿ ಕಟ್ಟಿ ಸೇರಿಸಿದಂತೆ ಕಾಣುತ್ತದೆ. ಹಳದಿ, ಕಿತ್ತಳೆ, ನೀಲಿಯ ದಪ್ಪ ಪಟ್ಟೆಗಳು, ಚದುರಂಗದ ಹಾಸಿನಂಥ ಚೌಕಳಿಗಳು ಅದರ ಮೈಮೇಲಿರುತ್ತವೆ. ಇಂಥ ಬಣ್ಣವನ್ನು ಥಳುಕು ಎನ್ನುವವರು ಒಂದು ಸಂಗತಿ ನೆನಪಿಡಬೇಕು. ವಿ-2 ರಾಕೆಟ್‌ಗಳಿಗೂ ಕಪ್ಪು ಬಿಳುಪಿನ ಚೌಕಳಿ ಬಳಿಯುತ್ತಿದ್ದರು. ಹಾರುವಾಗ ರಾಕೆಟ್ ತನ್ನ ಸುತ್ತ ಎಷ್ಟು ಉರುಳುತ್ತಿದೆ ಎಂಬುದನ್ನು ನೆಲದಿಂದ ಅಳೆಯುವುದಕ್ಕಾಗಿ. ಫಾಸ್ ಅವರ ಚಿತ್ರದಲ್ಲಿಯೂ ಚೌಕಳಿ ಮಾಡುವ ಕೆಲಸ ಇಂಥದ್ದೇ. ಉಬ್ಬಿದ ಮೈಮೇಲೆ ಚೌಕಗಳು ಬಾಗುತ್ತ, ಕಿರಿದಾಗುತ್ತ ಹೋಗುವುದರಿಂದ, ಸಪಾಟಾದ ಹಾಳೆಯ ಮೇಲಿನ ಆಕಾರ ಎತ್ತ ತಿರುಗಿ ಎಷ್ಟು ದೂರ ಚಾಚಿದೆ ಎಂಬುದು ನೋಡುವವನಿಗೆ ತಾನಾಗಿ ತಿಳಿಯುತ್ತದೆ.

ಅಂಥ ಒಂದು ಮುಖಪುಟವನ್ನು ಹತ್ತಿರದಿಂದ ನೋಡೋಣ. ಅಗಲ ಸುಮಾರು 11 ಸೆಂಟಿಮೀಟರ್, ಎತ್ತರ 18. ಮೇಲಿನ ಮೂರನೆಯ ಒಂದು ಭಾಗವನ್ನು ಶೀರ್ಷಿಕೆಗೂ ಲೇಖಕರ ಹೆಸರಿಗೂ ಬಿಟ್ಟುಕೊಟ್ಟಾಗಿದೆ. ಉಳಿದ ಅಂಗೈಯಗಲದ ಜಾಗದಲ್ಲಿ ಕಿಲೋಮೀಟರುಗಟ್ಟಲೆ ಉದ್ದದ ಹಡಗೊಂದು ಕಾಣಬೇಕು. ಇದಕ್ಕೆ ಕಲಾವಿದ ಮೊದಲು ಮಾಡುವ ಉಪಾಯ, ನೌಕೆಯನ್ನು ಚೌಕಟ್ಟಿನೊಳಗೆ ಪೂರ್ತಿ ಹಿಡಿಸದಿರುವುದು. ಅದರ ಬಾಲ ಅಂಚಿನಾಚೆ ಉಳಿಯುತ್ತದೆ, ಎಷ್ಟು ಉಳಿಯಿತೆಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಆಮೇಲೆ ಕಿಟಕಿಗಳು. ಸಾಸಿವೆ ಕಾಳಿಗಿಂತ ಸಣ್ಣ ಬೆಳಕಿನ ಚುಕ್ಕೆಗಳು ಸಾಲುಸಾಲಾಗಿ ಇರುತ್ತವೆ. ಅವು ಕಿಟಕಿಗಳೆಂದು ಹೊಳೆದ ಕ್ಷಣವೇ ಇಡೀ ನೌಕೆ ಕಣ್ಣೆದುರಿಗೆ ದೊಡ್ಡದಾಗುತ್ತದೆ. ಕೊನೆಯದಾಗಿ ಮಂಜು. ನೌಕೆಯ ದೂರದ ತುದಿ ಮಸುಕಾಗಿ, ತುಸು ನೀಲಿಗೆ ತಿರುಗಿರುತ್ತದೆ. ಭೂಮಿಯ ಮೇಲೆ ದೂರದ ಬೆಟ್ಟ ನೀಲಿಯಾಗಿ ಕಾಣುವುದು ನಡುವೆ ಗಾಳಿಯಿರುವುದರಿಂದ. ನಿರ್ವಾತದಲ್ಲಿ ಹಾಗಾಗಲು ಕಾರಣವೇ ಇಲ್ಲ. ಭೌತಶಾಸ್ತ್ರದ ಪ್ರಕಾರ ಇದು ತಪ್ಪು, ಕಣ್ಣಿನ ಪ್ರಕಾರ ಮಾತ್ರ ಬಹಳ ಸರಿ. ಏಕೆಂದರೆ ದೂರವನ್ನು ಅಳೆಯಲು ಕಣ್ಣು ಕಲಿತಿರುವುದು ಈ ಗಾಳಿಯ ನೆಲದಲ್ಲಿ. ಹೀಗೆ ಗೊತ್ತಿದ್ದೂ ತಪ್ಪು ಮಾಡಿ ನಿಜದ ಅನುಭವ ಕೊಡುವುದನ್ನು ಕಲೆಯಲ್ಲದೆ ಇನ್ನೇನೆಂದು ಕರೆಯಬೇಕು?

ಕೈಕೆಲಸವೂ ಅಷ್ಟೇ ಶ್ರಮದ್ದು. ಆ ಕಾಲದ ಬ್ರಿಟಿಷ್ ಮುಖಪುಟಗಳ ನುಣುಪಾದ ಮೇಲ್ಮೈಗೆ ಕಾರಣ ಏರ್‌ಬ್ರಷ್, ಅಂದರೆ ಒತ್ತಡದ ಗಾಳಿಯಿಂದ ಬಣ್ಣವನ್ನು ಧೂಳಿನಂತೆ ಸಿಂಪಡಿಸುವ, ಪೆನ್ನಿನ ಗಾತ್ರದ ಉಪಕರಣ. ಗಟ್ಟಿ ಚಿತ್ರಫಲಕದ ಮೇಲೆ ಪಾರದರ್ಶಕ ಅಂಟುಹಾಳೆಯನ್ನು ಹರಡಿ, ಬಣ್ಣ ಬೀಳಬೇಕಾದ ಭಾಗವನ್ನಷ್ಟೇ ಹರಿತವಾದ ಚಾಕುವಿನಿಂದ ಕತ್ತರಿಸಿ ತೆಗೆದು, ಸಿಂಪಡಿಸಿ, ಒಣಗಿಸಿ, ಮತ್ತೆ ಮುಚ್ಚಿ, ಇನ್ನೊಂದು ಭಾಗವನ್ನು ಕತ್ತರಿಸಬೇಕು. ಚಾಕು ಒಂದು ಕೂದಲೆಳೆ ಆಳಕ್ಕಿಳಿದರೂ ಫಲಕದ ಮೇಲೆ ಗೀರು ಬಿದ್ದು ಅದರೊಳಗೆ ಬಣ್ಣ ನಿಲ್ಲುತ್ತದೆ. ಫಲಕಗಳ ಸಂದು, ಮೊಳೆ, ಆಂಟೆನಾಗಳನ್ನು ಆಮೇಲೆ ಸಣ್ಣ ಕುಂಚದಿಂದ ಒಂದೊಂದಾಗಿ ಎಳೆಯಬೇಕು. ಹಿನ್ನೆಲೆಯ ನಕ್ಷತ್ರಗಳನ್ನು ಬಿಳಿ ಬಣ್ಣದಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನ ಎಳೆಗಳನ್ನು ಬೆರಳಿನಿಂದ ಮೀಟಿ ಚಿಮುಕಿಸುವುದು ಹಲವರ ರೂಢಿಯಾಗಿತ್ತು. ಮೂಲಚಿತ್ರ ಪುಸ್ತಕಕ್ಕಿಂತ ಬಹಳ ದೊಡ್ಡದಾಗಿರುತ್ತಿತ್ತು. ಅದನ್ನು ಕುಗ್ಗಿಸಿ ನಾಲ್ಕು ಬಣ್ಣಗಳ ಚುಕ್ಕಿಗಳಾಗಿ ಮುದ್ರಿಸುವಾಗ ಈ ಸೂಕ್ಷ್ಮದಲ್ಲಿ ಎಷ್ಟೋ ಭಾಗ ಕಳೆದುಹೋಗುತ್ತದೆಂದು ಕಲಾವಿದನಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆಯುತ್ತಿದ್ದರು.

ಅಮೆರಿಕದ ಜಾನ್ ಬರ್ಕಿ ಇದಕ್ಕೆ ತೀರ ವಿರುದ್ಧ ದಿಕ್ಕಿನವರು, ಮತ್ತು ನನ್ನ ಮಟ್ಟಿಗೆ ಈ ಇಡೀ ಪರಂಪರೆಯಲ್ಲಿ ಅತಿ ಸಮರ್ಥ ಚಿತ್ರಕಾರ ಅವರೇ. ಕ್ಯಾಲೆಂಡರ್ ಚಿತ್ರಗಳನ್ನು ಬರೆಯುವ ಕಂಪನಿಯಲ್ಲಿ ಕೈ ಪಳಗಿಸಿಕೊಂಡಿದ್ದ ಅವರು ಹೆಚ್ಚಾಗಿ ಬಳಸುತ್ತಿದ್ದದ್ದು ಹಾಲಿನ ಪ್ರೋಟೀನಿನಿಂದ ತಯಾರಾಗುವ ಕೇಸಿನ್ ಬಣ್ಣ. ಅವರ ನೌಕೆಯನ್ನು ಹತ್ತಿರದಿಂದ ನೋಡಿದರೆ ನೌಕೆಯೇ ಇರುವುದಿಲ್ಲ. ಬಿಳಿ, ಬೂದು, ಕಿತ್ತಳೆಯ ಅವಸರದ ಕುಂಚದೆಳೆತಗಳಷ್ಟೇ ಇರುತ್ತವೆ. ತೋಳಳತೆ ದೂರ ಹಿಡಿದರೆ ಅದೇ ಎಳೆತಗಳು ಸೂರ್ಯನ ಬೆಳಕಿಗೆ ಮಿನುಗುವ ಲೋಹವಾಗುತ್ತವೆ. ಸಾವಿರ ಭಾಗಗಳಿರುವಂತೆ ತೋರುವ ಯಂತ್ರದಲ್ಲಿ ಒಂದು ಭಾಗವನ್ನೂ ಅವರು ನಿಜವಾಗಿ ಬರೆದಿರುವುದಿಲ್ಲ. 1977ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರದ ಸಂಗೀತದ ಆಲ್ಬಮ್‌ನೊಂದಿಗೆ ಬಂದ ಭಿತ್ತಿಚಿತ್ರ ಅವರದು. ಫಾಸ್ ಕೂಡ ‘ಏಲಿಯನ್’ ಚಿತ್ರದ ಆರಂಭಿಕ ವಿನ್ಯಾಸಗಳಲ್ಲಿ, ಅದಕ್ಕೂ ಮೊದಲು ನಿರ್ದೇಶಕ ಹೊಡೊರೊವ್‌ಸ್ಕಿ ಅವರು ಕೊನೆಗೂ ತೆಗೆಯಲಾಗದ ‘ಡ್ಯೂನ್’ ಚಿತ್ರದಲ್ಲಿ ಕೆಲಸ ಮಾಡಿದರು. ಇಂದು ನಾವು ಸಿನಿಮಾ ಪರದೆಯ ಮೇಲೆ ನೋಡಿ ಬೆರಗಾಗುವ ದೈತ್ಯ ನೌಕೆಗಳ ಹಿರೀಕರು ಈ ಅಂಗೈಯಗಲದ ಮುಖಪುಟಗಳಲ್ಲಿದ್ದಾರೆ.

ಇನ್ನು ಕಥೆಗೆ ಸಂಬಂಧವಿಲ್ಲವೆಂಬ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಕಲಾವಿದನಿಗೆ ಹಸ್ತಪ್ರತಿಯನ್ನು ಪೂರ್ತಿ ಓದುವಷ್ಟು ಸಮಯ ಸಿಗುವುದು ಕಡಿಮೆಯಿತ್ತು. ಒಮ್ಮೆ ಬರೆದ ಚಿತ್ರವನ್ನು ಬೇರೆ ದೇಶದ ಪ್ರಕಾಶಕರು ಬೇರೊಂದು ಕಾದಂಬರಿಗೆ ಅಂಟಿಸಿದ್ದೂ ಉಂಟು. ಅಸಿಮೋವ್ ಅವರ ‘ಫೌಂಡೇಶನ್’ ಕಥೆಗಳನ್ನೇ ತೆಗೆದುಕೊಂಡರೆ, ಅಲ್ಲಿ ಬಹುಪಾಲು ನಡೆಯುವುದು ಕೋಣೆಯೊಳಗೆ ಕುಳಿತವರ ಮಾತುಕತೆ. ಮುಖಪುಟದಲ್ಲಿ ಹಾಯುವ ಪಟ್ಟೆಪಟ್ಟೆಯ ಹಡಗು ಯಾವ ಅಧ್ಯಾಯದ್ದೆಂದು ಹುಡುಕಹೊರಟರೆ ಸಿಗುವುದಿಲ್ಲ. ಆದರೆ ಆ ಕೋಣೆಯ ಮಾತುಕತೆಯ ವಿಷಯವಾದರೂ ಏನು? ಎರಡೂವರೆ ಕೋಟಿ ಲೋಕಗಳನ್ನು ಆಳುವ ಸಾಮ್ರಾಜ್ಯವೊಂದರ ಪತನ. ಆ ಸಂಖ್ಯೆಯನ್ನು ಲೇಖಕ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿಬಿಡಬಹುದು, ಓದುಗನೂ ಅದನ್ನು ಅನುಭವಿಸದೆ ದಾಟಿಬಿಡಬಹುದು. ಚಿತ್ರಕಾರ ಹಾಗೆ ದಾಟುವಂತಿಲ್ಲ. ಆ ಸಾಮ್ರಾಜ್ಯದ ಒಂದೇ ಒಂದು ಸರಕು ಹಡಗು ಇಷ್ಟು ದೊಡ್ಡದಾದರೆ ಸಾಮ್ರಾಜ್ಯ ಎಷ್ಟು ದೊಡ್ಡದಿರಬೇಕು ಎಂಬ ಪ್ರಮಾಣಬೋಧವನ್ನು ಓದುಗ ಮೊದಲ ಪುಟ ತೆರೆಯುವ ಮೊದಲೇ ಅವನೊಳಗೆ ಇಳಿಸುವುದು ಮುಖಪುಟ. ಘಟನೆಯನ್ನು ತೋರಿಸದೆ ಅಳತೆಯನ್ನು ತೋರಿಸುವ ಚಿತ್ರವೂ ಕಥೆಗೆ ನಿಷ್ಠವಾಗಿಯೇ ಇರುತ್ತದೆ ಎಂದು ನಾನು ನಂಬುತ್ತೇನೆ. ಚಿತ್ರದಿಂದಲೇ ಕಥೆ ಹುಟ್ಟಿದ ಉದಾಹರಣೆಯೂ ಇದೆ: 1978ರಲ್ಲಿ ಸ್ಟುವರ್ಟ್ ಕೌಲಿ ಅವರು, ಹಲವು ಕಲಾವಿದರು ಬೇರೆಬೇರೆ ಕಾದಂಬರಿಗಳಿಗೆ ಬರೆದಿದ್ದ ಇಂಥ ವರ್ಣಚಿತ್ರಗಳನ್ನು ಒಟ್ಟುಗೂಡಿಸಿ, ಪ್ರತಿ ನೌಕೆಗೂ ಒಂದು ಕಲ್ಪಿತ ಇತಿಹಾಸ ಬರೆದು, 2000ದಿಂದ 2100ರವರೆಗಿನ ನೌಕೆಗಳ ಕೈಪಿಡಿಯೆಂಬಂತೆ ಒಂದು ಪುಸ್ತಕವನ್ನೇ ಹೊರತಂದರು.

ಹೆಸರಿನ ಪ್ರಶ್ನೆ ಸಣ್ಣದೆಂದು ಕೆಲವರಿಗೆ ಅನ್ನಿಸಬಹುದು. ಬ್ರಿಟನ್ನಿನ ಹೆಸರಾಂತ ಕಲಾಪ್ರಶಸ್ತಿಯಾದ ಟರ್ನರ್ ಪ್ರಶಸ್ತಿಯ 2000ನೇ ಇಸವಿಯ ಸಂದರ್ಭವನ್ನು ನೆನೆದರೆ ಹಾಗೆ ಅನ್ನಿಸದು. ಆ ವರ್ಷ ಅಂತಿಮ ಪಟ್ಟಿಯಲ್ಲಿದ್ದ ಗ್ಲೆನ್ ಬ್ರೌನ್ ಅವರ ಒಂದು ಬೃಹತ್ ಕೃತಿ, ರಾಬರ್ಟ್ ಹೈನ್‌ಲೈನ್ ಅವರ ‘ಡಬಲ್ ಸ್ಟಾರ್’ ಕಾದಂಬರಿಗೆ 1974ರಲ್ಲಿ ಟೋನಿ ರಾಬರ್ಟ್ಸ್ ಬರೆದಿದ್ದ ಮುಖಪುಟವನ್ನು ಆಧರಿಸಿತ್ತು. ರಾಬರ್ಟ್ಸ್ ನ್ಯಾಯಾಲಯದ ಮೆಟ್ಟಿಲೇರಿದರು. ವಿವಾದ ಕೊನೆಗೆ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಬ್ರೌನ್ ಅವರು ಫಾಸ್ ಚಿತ್ರಗಳನ್ನು ಆಧರಿಸಿಯೂ ಕೃತಿಗಳನ್ನು ರಚಿಸಿದ್ದು, ಫಾಸ್ ಹೆಸರನ್ನು ಕೃತಿಯ ಶೀರ್ಷಿಕೆಯಲ್ಲೇ ಸೇರಿಸಿದ್ದೂ ಇದೆ. ಅಂಥ ಕೃತಿಗಳು ಹರಾಜಿನಲ್ಲಿ ಲಕ್ಷಾಂತರ ಪೌಂಡುಗಳಿಗೆ ಮಾರಾಟವಾಗಿವೆ. ಗ್ಯಾಲರಿಯ ಗೋಡೆಯ ಮೇಲೆ ದೊಡ್ಡದಾಗಿ ತೂಗಿದಾಗ ಕಲೆಯಾಗುವ ಚಿತ್ರ, ಪೇಪರ್‌ಬ್ಯಾಕಿನ ಮೇಲೆ ಇದ್ದಾಗ ಏನಾಗಿತ್ತು ಎಂಬ ಪ್ರಶ್ನೆಗೆ ಕಲಾವಿಮರ್ಶೆ ಇನ್ನೂ ನೇರವಾಗಿ ಉತ್ತರ ಕೊಟ್ಟಿಲ್ಲವೆಂಬುದು ನನ್ನ ಅನಿಸಿಕೆ.

ಉತ್ತರ ಕೊಡುವಷ್ಟರಲ್ಲಿ ವಸ್ತುವೇ ಉಳಿಯದಿರುವ ಭಯವೂ ಇದೆ. ಅಗ್ಗದ ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಾಗಿ ಪುಡಿಯಾಗುತ್ತದೆ. ಬಿಸಿಲು ಬಿದ್ದ ಮುಖಪುಟದಲ್ಲಿ ಹಳದಿಯೂ ಕೆಂಪೂ ಮೊದಲು ಮಾಸಿ, ಫಾಸ್ ಅವರ ಕಿತ್ತಳೆ ನೌಕೆ ತಣ್ಣನೆಯ ನೀಲಿ ನೆರಳಾಗಿ ಉಳಿಯುತ್ತದೆ. ಅದನ್ನೇ ಮೂಲ ಬಣ್ಣವೆಂದು ತಿಳಿದವರೂ ಇದ್ದಾರೆ. ಗ್ರಂಥಾಲಯಗಳು ಪೇಪರ್‌ಬ್ಯಾಕುಗಳಿಗೆ ಗಟ್ಟಿ ರಟ್ಟು ಹಾಕಿಸುವಾಗ ಮುಖಪುಟವನ್ನು ಕಿತ್ತು ಎಸೆಯುವುದು ವಾಡಿಕೆಯಾಗಿತ್ತು. ಮೂಲಚಿತ್ರಗಳಲ್ಲಿ ಎಷ್ಟೋ ಪ್ರಕಾಶಕರ ಕಚೇರಿಗಳಿಂದ ಕಲಾವಿದರ ಕೈಗೆ ಹಿಂದಿರುಗಲೇ ಇಲ್ಲ. ಇವುಗಳ ಜೊತೆಗೆ ಈಗ ಹೊಸ ತೊಡಕೊಂದು ಸೇರಿದೆ. ಹಳೆಯ ಮುಖಪುಟಗಳ ಶೈಲಿಯನ್ನು ಅನುಕರಿಸಿ ಯಂತ್ರಗಳು ಕ್ಷಣಾರ್ಧದಲ್ಲಿ ತಯಾರಿಸುವ ಚಿತ್ರಗಳು ನಿಜವಾದ ಹಳೆಯ ಚಿತ್ರಗಳೊಂದಿಗೆ ಬೆರೆತು ಓಡಾಡುತ್ತಿವೆ. ಎರಡರ ಕೆಳಗೂ ಹೆಸರಿಲ್ಲದಿದ್ದರೆ, ತಿಂಗಳುಗಟ್ಟಲೆ ಕತ್ತರಿಸಿ, ಸಿಂಪಡಿಸಿ, ಎಳೆದು ಕಲಿತವರ ಕೆಲಸ ಯಾವುದು, ಅದರ ನೆರಳು ಯಾವುದು ಎಂದು ಮುಂದಿನ ಓದುಗ ಹೇಗೆ ಗುರುತಿಸಬೇಕು? ಪತ್ರಿಕೆಯೊಂದು ಅಚ್ಚು ಹಾಕುವ ಒಂದು ಸಾಲಿನ ವಿವರಕ್ಕೆ ಈ ಕಾರಣದಿಂದ ಹಿಂದೆಂದಿಗಿಂತ ಹೆಚ್ಚಿನ ತೂಕ ಬಂದಿದೆ.

ಹೆಸರು ಹುಡುಕುವುದು ಅಸಾಧ್ಯವೇನಲ್ಲ. ಬಹಳಷ್ಟು ಕಲಾವಿದರು ಚಿತ್ರದ ಕೆಳಮೂಲೆಯಲ್ಲಿ ಸಹಿ ಮಾಡಿರುತ್ತಾರೆ. ಪುಟಕ್ಕೆ ಹೊಂದಿಸಲು ಚಿತ್ರವನ್ನು ಕತ್ತರಿಸುವಾಗ ಮೊದಲು ಹೋಗುವುದೂ ಆ ಮೂಲೆಯೇ. ಎಷ್ಟೋ ಪುಸ್ತಕಗಳಲ್ಲಿ ಹಿಂಬದಿಯ ರಕ್ಷಾಪುಟದ ಮೇಲೋ ಹಕ್ಕುಸ್ವಾಮ್ಯದ ಪುಟದಲ್ಲೋ ಸಣ್ಣ ಅಕ್ಷರದಲ್ಲಿ ಹೆಸರು ಇರುತ್ತದೆ. ಎರಡೂ ಇಲ್ಲದಿದ್ದರೆ, ಆಸಕ್ತರೇ ಸೇರಿ ಕಟ್ಟಿರುವ ಅಂತರ್ಜಾಲದ ವಿಜ್ಞಾನ ಕಾದಂಬರಿ ದತ್ತಸಂಚಯದಲ್ಲಿ ಪುಸ್ತಕದ ಹೆಸರು, ಪ್ರಕಾಶಕರು, ವರ್ಷ ಕೊಟ್ಟರೆ ಬಹುಪಾಲು ಮುಖಪುಟಗಳ ಕಲಾವಿದರು ಯಾರೆಂದು ತಿಳಿಯುತ್ತದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿರುವ ಸೈನ್ಸ್ ಫಿಕ್ಷನ್ ಫೌಂಡೇಶನ್ನಿನ ಸಂಗ್ರಹ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಈಟನ್ ಸಂಗ್ರಹಗಳಂಥ ಕಡೆ ಮೂಲ ಪುಸ್ತಕಗಳನ್ನೇ ಕಾಪಿಟ್ಟಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಲೇಖನಮಾಲೆಯ ಮುಂದಿನ ಕಂತುಗಳಲ್ಲಿ ಹಳೆಯ ಮುಖಪುಟ ಬಳಸುವಾಗ ಚಿತ್ರವನ್ನು ಕತ್ತರಿಸದೆ, ಶೀರ್ಷಿಕೆಯ ಅಕ್ಷರಗಳ ಸಮೇತ, ಮುಖಪುಟವಾಗಿಯೇ ಮುದ್ರಿಸಬೇಕು. ಕೆಳಗೆ ಕಲಾವಿದರ ಹೆಸರು, ಪ್ರಕಾಶಕರು, ಆ ಆವೃತ್ತಿಯ ವರ್ಷ ಇರಬೇಕು. ಒಂದೇ ಕಾದಂಬರಿಗೆ ಹತ್ತಾರು ಮುಖಪುಟಗಳಿರುವುದರಿಂದ ಕಾದಂಬರಿ ಮೊದಲು ಪ್ರಕಟವಾದ ವರ್ಷವನ್ನು ಚಿತ್ರದ ವರ್ಷವೆಂದು ಕೊಡುವುದು ಬೇಡ. ಕಲಾವಿದರು ಯಾರೆಂದು ತಿಳಿಯದ ಸಂದರ್ಭದಲ್ಲಿ ‘ಕಲಾವಿದರು ತಿಳಿದುಬಂದಿಲ್ಲ’ ಎಂದು ಬರೆದರೂ ಸಾಕು. ಗೊತ್ತಿರುವ ಓದುಗರು ಪತ್ರ ಬರೆದು ತಿಳಿಸಲು ಅದರಿಂದ ದಾರಿಯಾಗುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ